ಗುಡ್‌ವುಡ್ ಹಳೇ ರೇಸ್ ಕಾರುಗಳ ಫೋಟೋ: ಚಕ್ರ ಮೊಟ್ಟೆಯಾಕಾರ, ಹಿಂದಿನ ಜನ ವಾಲಿದ್ದಾರೆ. ಸೆನ್ಸರ್ ಕೆಟ್ಟಿದೆಯಾ?

ಬಟವಾಡಿ ಬೆಳಕು (ತುಮಕೂರು):

ಎಲ್ಲರಿಗೂ ನಮಸ್ಕಾರ. ಮಗಳು ಇಂಗ್ಲೆಂಡಿನ ಪೋರ್ಟ್ಸ್‌ಮೌತ್‌ನಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ಚಿಚೆಸ್ಟರ್ ಹತ್ತಿರದ ಗುಡ್‌ವುಡ್ ರಿವೈವಲ್ ನೋಡಿದೆ. ಆ ಟ್ರ್ಯಾಕ್‌ನಲ್ಲಿ 1948ರಿಂದ 1966ರವರೆಗೆ ರೇಸ್ ನಡೆಯುತ್ತಿತ್ತು. 1998ರಿಂದ ಆ ಕಾಲದ ಕಾರುಗಳನ್ನೇ ತಂದು ಅಲ್ಲಿ ಮತ್ತೆ ರೇಸ್ ಮಾಡಿಸುತ್ತಿದ್ದಾರೆ. ಸುಮ್ನೆ ಮೆರವಣಿಗೆ ಅಲ್ಲ, ನಿಜವಾದ ಪೈಪೋಟಿ. ಮೈ ಜುಮ್ ಅಂದಿತು.

ಈಗ ಸಮಸ್ಯೆಗೆ ಬರುತ್ತೇನೆ. ಮಿರರ್‌ಲೆಸ್ ಕ್ಯಾಮೆರಾ, 70-300 ಜೂಮ್ ಲೆನ್ಸ್, ಶಟರ್ ಸ್ಪೀಡ್ (ಬೆಳಕು ಒಳಗೆ ಬೀಳುವ ಹೊತ್ತು) 1/2000 ಸೆಕೆಂಡ್. ಶಬ್ದವಿಲ್ಲದ ಸೈಲೆಂಟ್ ಮೋಡ್‌ನಲ್ಲಿ ಸೆಕೆಂಡಿಗೆ ಜಾಸ್ತಿ ಫ್ರೇಮ್ (ಫೋಟೋ) ಸಿಗುತ್ತದೆ, ಹಾಗಾಗಿ ಅದರಲ್ಲೇ ತೆಗೆದೆ. ಕೆಲವು ಫೋಟೋಗಳಲ್ಲಿ ಚಕ್ರ ಮೊಟ್ಟೆಯ ಹಾಗೆ ಓರೆಯಾಗಿದೆ. ಕೆಲವದರಲ್ಲಿ ಕಾರು ನೆಟ್ಟಗಿದೆ, ಆದರೆ ಹಿಂದಿನ ಕಂಬ, ಜನ ಎಲ್ಲ ಗಾಳಿಗೆ ಸಿಕ್ಕಿದವರಂತೆ ವಾಲಿದ್ದಾರೆ. ಇನ್ನು ಕೆಲವದರಲ್ಲಿ ಕಾರು ಒಂದು ಕಡೆ, ಜನ ಇನ್ನೊಂದು ಕಡೆ! ಸರಿಯಾಗಿ ಬಂದಿರುವ ಫೋಟೋಗಳಲ್ಲಿ ಕಾರು ನಿಂತಿರುವ ಹಾಗೆ ಕಾಣುತ್ತದೆ.

ಇಲ್ಲಿ ಒಂದು ರಿಪೇರಿ ಅಂಗಡಿಯಲ್ಲಿ ತೋರಿಸಿದೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಹೋಗಿದೆ, ಬದಲಾಯಿಸಬೇಕು ಅಂದರು. ಹೇಳಿದ ದುಡ್ಡು ಕೇಳಿ ಮೊದಲು ನಿಮ್ಮನ್ನು ಕೇಳೋಣ ಅನ್ನಿಸಿತು. ಮುಂದಿನ ಸೆಪ್ಟೆಂಬರ್‌ಗೆ ಮತ್ತೆ ಹೋಗುವ ಆಸೆ ಇದೆ.

ಅಂತರಗಂಗೆ ಲೆನ್ಸ್ (ಕೋಲಾರ):

ಸರ್, ದಯವಿಟ್ಟು ಸೆನ್ಸರ್ ಬದಲಾಯಿಸಬೇಡಿ. ಅದು ಚೆನ್ನಾಗಿಯೇ ಇದೆ ಅನ್ನಿಸುತ್ತಿದೆ. ಮೊದಲು ಮನೆಯ ಸೀಲಿಂಗ್ ಫ್ಯಾನ್ ಜೋರಾಗಿ ಹಾಕಿ. ಕೆಳಗೆ ನಿಂತು 1/2000ರಲ್ಲಿ ಸೈಲೆಂಟ್ ಮೋಡ್‌ನಲ್ಲಿ ಒಂದು ಫೋಟೋ ತೆಗೆಯಿರಿ. ಆಮೇಲೆ ಮೆನುವಿನಲ್ಲಿ ಮೆಕ್ಯಾನಿಕಲ್ ಶಟರ್ (ಪರದೆ ಸರಿದು ಬೆಳಕು ಬಿಡುವಂಥದ್ದು) ಆರಿಸಿ, ಅದೇ ಸ್ಪೀಡ್‌ನಲ್ಲಿ ಇನ್ನೊಂದು. ಎರಡನ್ನೂ ಇಲ್ಲಿ ಹಾಕಿ.

ಬಟವಾಡಿ ಬೆಳಕು:

ಹಾಕಿದ್ದೇನೆ ನೋಡಿ. ಸೈಲೆಂಟ್‌ನಲ್ಲಿ ರೆಕ್ಕೆಗಳು ಕುಡುಗೋಲಿನ ಹಾಗೆ ಬಾಗಿವೆ, ಒಂದು ದಪ್ಪ, ಒಂದು ಸಣ್ಣ. ಮೆಕ್ಯಾನಿಕಲ್‌ನಲ್ಲಿ ಮೂರೂ ನೆಟ್ಟಗಿವೆ. ಆದರೆ ಎರಡರಲ್ಲೂ 1/2000 ತಾನೇ? ಅದು ಹೇಗೆ?

ಅಂತರಗಂಗೆ ಲೆನ್ಸ್:

ಸಮಸ್ಯೆ ಸಿಕ್ಕಿತು ಸರ್. ಸೈಲೆಂಟ್ ಮೋಡ್‌ನಲ್ಲಿ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಸಲ ಓದುವುದಿಲ್ಲ. ಸಾಲು ಸಾಲಾಗಿ ಓದುತ್ತದೆ. ಒಂದೊಂದು ಸಾಲಿಗೂ ಬೆಳಕು ಸಿಗುವುದು 1/2000 ಸೆಕೆಂಡೇ, ಅದಕ್ಕೇ ಎಲ್ಲ ಶಾರ್ಪ್ ಆಗಿದೆ. ಆದರೆ ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಬರುವಷ್ಟರಲ್ಲಿ ತುಂಬಾ ಕ್ಯಾಮೆರಾಗಳಲ್ಲಿ ಸುಮಾರು 1/30 ಸೆಕೆಂಡ್ ಕಳೆದಿರುತ್ತದೆ.

ಲೆಕ್ಕ ಹಾಕಿ ನೋಡಿ. ಗಂಟೆಗೆ 150 ಕಿ.ಮೀ. ಓಡುವ ಕಾರು ಸೆಕೆಂಡಿಗೆ ಸುಮಾರು 42 ಮೀಟರ್ ಹೋಗುತ್ತದೆ. ಫ್ರೇಮಿನ ಎತ್ತರದಲ್ಲಿ ಮೂರನೇ ಒಂದು ಭಾಗ ಕಾರು ಇದೆ ಅಂದುಕೊಳ್ಳಿ. ಟೈರಿನ ಬುಡದಿಂದ ಕಾರಿನ ನೆತ್ತಿಯವರೆಗೆ ಓದಲು 1/90 ಸೆಕೆಂಡ್. ಅಷ್ಟರಲ್ಲಿ ಕಾರು 45 ಸೆಂಟಿಮೀಟರಿಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. ಕ್ಯಾಮೆರಾ ಅಲ್ಲಾಡಿಸದೆ ಹಿಡಿದಿದ್ದರೆ ವಾಲದೆ ಇನ್ನೇನಾಗುತ್ತದೆ? ಮೆಕ್ಯಾನಿಕಲ್ ಶಟರಿನ ಪರದೆ ಇಡೀ ಫ್ರೇಮನ್ನು ದಾಟಲು ಸುಮಾರು 1/250 ಸೆಕೆಂಡ್ ಸಾಕು. ಆಗ ಅದೇ ಕಾರು ಐದಾರು ಸೆಂಟಿಮೀಟರ್ ವಾಲುತ್ತದೆ, ಕಣ್ಣಿಗೆ ಗೊತ್ತೇ ಆಗಲ್ಲ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ):

ಈ ವಾಲುವ ಚಕ್ರಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸ ಇದೆ. ಫ್ರಾನ್ಸಿನ ಜಾಕ್ ಆನ್ರಿ ಲಾರ್ತೀಗ್ ಹದಿಹರೆಯದಲ್ಲೇ ಫ್ರೆಂಚ್ ಗ್ರಾಂಡ್ ಪ್ರಿ ರೇಸಿನಲ್ಲಿ ಒಂದು ಫೋಟೋ ತೆಗೆದರು. ಅದು 1912ರದ್ದು ಅಂತ ಬಹಳ ಕಾಲ ಬರೆಯುತ್ತಿದ್ದರು, ಆಮೇಲೆ 1913ರದ್ದು ಅಂತ ಗೊತ್ತಾಯಿತು. ಅದರಲ್ಲಿ ಕಾರಿನ ಚಕ್ರ ಮೊಟ್ಟೆಯಾಕಾರದಲ್ಲಿ ಮುಂದಕ್ಕೆ ವಾಲಿದೆ, ಹಿಂದಿನ ಜನ ಮತ್ತು ಕಂಬಗಳು ಅದರ ಎದುರು ದಿಕ್ಕಿಗೆ. ಆಗಿನ ಕ್ಯಾಮೆರಾದಲ್ಲಿ ಬೆಳಕು ಬಿಡುವ ಶಟರಿನ ಸೀಳು ನಿಧಾನವಾಗಿ ಸರಿಯುತ್ತಿತ್ತು. ನಿಮ್ಮ ಸೆನ್ಸರ್ ಸಾಲು ಸಾಲಾಗಿ ಓದುವುದೂ ಅದೇ ಕೆಲಸ. ಇವತ್ತು ರೇಸಿಂಗ್ ಫೋಟೋ ಅಂದರೆ ಮೊದಲು ನೆನಪಾಗುವ ಚಿತ್ರಗಳಲ್ಲಿ ಅದೂ ಒಂದು. ಅದಕ್ಕೇ ಹೇಳುತ್ತೇನೆ, ಕಾರು ಒಂದು ಕಡೆ, ಜನ ಇನ್ನೊಂದು ಕಡೆ ವಾಲಿರುವ ಫೋಟೋಗಳನ್ನು ಡಿಲೀಟ್ ಮಾಡಬೇಡಿ.

ನಿಮ್ಮ ಕೈ ಹೇಗೆ ತಿರುಗಿದೆ ಅಂತಲೂ ಆ ಫೋಟೋಗಳೇ ಹೇಳುತ್ತವೆ. ಕಾರು ಮಾತ್ರ ವಾಲಿದ್ದರೆ ಕ್ಯಾಮೆರಾ ನಿಂತಿತ್ತು. ಹಿನ್ನೆಲೆ ಮಾತ್ರ ವಾಲಿದ್ದರೆ ನೀವು ಕಾರಿನ ವೇಗಕ್ಕೆ ಸರಿಯಾಗಿ ತಿರುಗಿದ್ದೀರಿ. ಎರಡೂ ಎದುರು ಬದುರು ವಾಲಿದ್ದರೆ ಕಾರಿಗಿಂತ ನಿಧಾನ. ಎರಡೂ ಒಂದೇ ಕಡೆ ವಾಲಿದ್ದರೆ ಕಾರನ್ನೂ ಮೀರಿಸಿ ತಿರುಗಿದ್ದೀರಿ. ನೀವು ಹಾಕಿರುವ ಕೆಂಪು ಕಾರಿನ ಫೋಟೋದಲ್ಲಿ ಕಾರು ನೆಟ್ಟಗಿದೆ, ಟೋಪಿ ಹಾಕಿದವರೆಲ್ಲ ಓರೆಯಾಗಿದ್ದಾರೆ. ಅಂದರೆ ಕಾರಿನ ಜೊತೆಗೇ ಕ್ಯಾಮೆರಾ ತಿರುಗಿಸುವ ಪ್ಯಾನಿಂಗ್ ನಿಮಗೆ ಆಗಲೇ ಬರುತ್ತದೆ ಸರ್!

ಬಟವಾಡಿ ಬೆಳಕು:

ಇದು ಕೇಳಿ ತುಂಬಾ ಸಮಾಧಾನ ಆಯಿತು. ಹಾಗಾದರೆ ಕಾರು ನಿಂತ ಹಾಗೆ ಕಾಣದಿರಲು ಏನು ಮಾಡಲಿ? ಹೊಸ ಕ್ಯಾಮೆರಾ ಬೇಕಾ?

ಅಂತರಗಂಗೆ ಲೆನ್ಸ್:

ಬೇಡವೇ ಬೇಡ. ಇಡೀ ಫ್ರೇಮನ್ನು ಒಂದೇ ಕ್ಷಣದಲ್ಲಿ ಓದುವ ಸೋನಿ ಎ9 ಮಾರ್ಕ್ 3 ಕ್ಯಾಮೆರಾ 2023ರಲ್ಲಿ ಘೋಷಣೆಯಾಯಿತು. ನಿಕಾನ್ ಝಡ್9ನಲ್ಲಿ ಓದುವ ವೇಗ ಎಷ್ಟು ಜಾಸ್ತಿ ಅಂದರೆ ಮೆಕ್ಯಾನಿಕಲ್ ಶಟರನ್ನೇ ಇಟ್ಟಿಲ್ಲ. ಎಲ್ಲ ಒಳ್ಳೆಯವೇ. ಆದರೆ ನಿಮ್ಮ ಕೆಲಸಕ್ಕೆ ಈಗಿರುವ ಮೆಕ್ಯಾನಿಕಲ್ ಶಟರ್ ಧಾರಾಳ ಸಾಕು.

ಶಟರ್ ಸ್ಪೀಡ್ ಇಳಿಸಿ, 1/125ಕ್ಕೆ ಬನ್ನಿ, ಕಾರಿನ ಜೊತೆ ತಿರುಗುತ್ತಾ ತೆಗೆಯಿರಿ. 150 ಕಿ.ಮೀ. ವೇಗದಲ್ಲಿ ಆ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 20 ಸುತ್ತು ತಿರುಗುತ್ತದೆ. 1/2000ರಲ್ಲಿ ಅದು ನಾಲ್ಕು ಡಿಗ್ರಿ ಕೂಡ ತಿರುಗಲ್ಲ, ಕಡ್ಡಿಗಳು ಒಂದೊಂದಾಗಿ ಎಣಿಸುವ ಹಾಗೆ ಕಾಣುತ್ತವೆ. 1/125ರಲ್ಲಿ ಸುಮಾರು 60 ಡಿಗ್ರಿ ತಿರುಗುತ್ತದೆ, ಕಡ್ಡಿಗಳು ಹೊಗೆಯ ಹಾಗೆ ಕಲೆತುಹೋಗುತ್ತವೆ. 1/30ಕ್ಕೆ ಹೋದರೆ ಚಕ್ರ ಇನ್ನೂ ಚೆನ್ನ, ಆದರೆ ಹಿನ್ನೆಲೆ ಪೂರ್ತಿ ಅಳಿಸಿಹೋಗುತ್ತದೆ. ಗುಡ್‌ವುಡ್‌ನಲ್ಲಿ ಅದು ನಷ್ಟ ಸರ್. ನೋಡಲು ಬಂದವರೂ ಆ ಕಾಲದ ಬಟ್ಟೆ ಹಾಕಿಕೊಂಡು ಬರುತ್ತಾರೆ ಅಲ್ವಾ? ಅವರ ಟೋಪಿ, ಕೋಟು ಅಂತ ಗುರುತು ಸಿಗುವಷ್ಟಾದರೂ ಉಳಿಯಬೇಕು.

ಫೋಕಸ್ ಪಾಯಿಂಟನ್ನು ಡ್ರೈವರ್ ಹೆಲ್ಮೆಟ್ ಮೇಲೆ ಇಡಿ. ಈ ಕಾರುಗಳ ದೊಡ್ಡ ಸೊಗಸೇ ಅದು. ಮೇಲೆ ತೆರೆದ ಕಾರು, ಅಗಲ ಕಮ್ಮಿ ಇರುವ ಟೈರು, ತಿರುವಿನಲ್ಲಿ ಹಿಂಭಾಗ ಜಾರುತ್ತಾ ಇರುತ್ತದೆ. ಡ್ರೈವರ್ ಸ್ಟೀರಿಂಗನ್ನು ಎದುರು ದಿಕ್ಕಿಗೆ ತಿರುಗಿಸುತ್ತಾ ಮೊಣಕೈ ಹೊರಗೆ ಹಾಕಿ ಒದ್ದಾಡುವುದು ಪೂರ್ತಿ ಕಾಣುತ್ತದೆ. ಈಗಿನ ರೇಸ್ ಕಾರಿನಲ್ಲಿ ಹೆಲ್ಮೆಟ್ ತುದಿ ಕಂಡರೆ ಪುಣ್ಯ.

ಬಿಸಿಲಿದ್ದರೆ ಐಎಸ್ಓ (ಬೆಳಕಿನ ಸೂಕ್ಷ್ಮತೆ) 100, 1/125ಕ್ಕೆ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಎಫ್/16 ಬರುತ್ತದೆ. ಅಷ್ಟು ಚಿಕ್ಕ ಅಪರ್ಚರ್‌ನಲ್ಲಿ ಸೆನ್ಸರ್ ಮೇಲಿನ ಧೂಳೆಲ್ಲ ಚುಕ್ಕೆಯಾಗಿ ಆಕಾಶದಲ್ಲಿ ಕಾಣುತ್ತದೆ. ಲೆನ್ಸ್ ಮುಂದೆ ಪೋಲರೈಸರ್ ಫಿಲ್ಟರ್ ಹಾಕಿದರೆ ಸುಮಾರು ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ) ಬೆಳಕು ಕಮ್ಮಿ ಆಗುತ್ತದೆ, ಕಿಂಡಿಯನ್ನು ಅಷ್ಟು ದೊಡ್ಡದು ಮಾಡಬಹುದು, ಬಾನೆಟ್ ಮೇಲಿನ ಹೊಳಪೂ ಹಿಡಿತಕ್ಕೆ ಬರುತ್ತದೆ. ಕೈ ನಡುಕ ತಡೆಯುವ ಲೆನ್ಸಿನ ಸ್ಟೆಬಿಲೈಸರ್‌ಗೆ ಪ್ಯಾನಿಂಗ್ ಮೋಡ್ ಇದ್ದರೆ ಅದನ್ನೇ ಹಾಕಿ.

ಬಟವಾಡಿ ಬೆಳಕು:

ಅಭ್ಯಾಸಕ್ಕೆ ತುಮಕೂರಿನಲ್ಲಿ ರೇಸ್ ಕಾರು ಎಲ್ಲಿಂದ ತರಲಿ? ಹೈವೇ ಪಕ್ಕ ನಿಲ್ಲಲು ಭಯ.

ನಂದಿ ತಪ್ಪಲು:

ಹೈವೇ ಬೇಡ ಸರ್. ಸೈಕಲ್ ಸಾಕು, ಅದಕ್ಕೂ ಕಡ್ಡಿ ಚಕ್ರವೇ ತಾನೇ? ಗಂಟೆಗೆ 20 ಕಿ.ಮೀ. ಹೋಗುವ ಸೈಕಲ್ ಚಕ್ರ 1/15 ಸೆಕೆಂಡಿನಲ್ಲಿ ತಿರುಗುವುದು ಹೆಚ್ಚೂ ಕಮ್ಮಿ ಅಷ್ಟೇ, 60 ಡಿಗ್ರಿಯ ಆಸುಪಾಸು. 1/15ರಲ್ಲಿ ಸೈಕಲ್ ಸವಾರನ ಮುಖ ಶಾರ್ಪ್ ಬಂತು ಅಂದರೆ 1/125ರಲ್ಲಿ ಕಾರು ಹಿಡಿಯುವುದು ಕಷ್ಟವೇ ಆಗಲ್ಲ. ಪರಿಚಯದ ಹುಡುಗರಿಗೆ ಹೇಳಿ, ಖಾಲಿ ರಸ್ತೆಯಲ್ಲಿ ಬೆಳಗ್ಗೆ ಓಡಿಸಲಿ. ಕಾಲನ್ನು ಫೋಟೋ ತೆಗೆಯುವ ಜಾಗಕ್ಕೆ ನೇರವಾಗಿ ಊರಿ. ಸೊಂಟದಿಂದ ಮೇಲೆ ಮಾತ್ರ ಸೈಕಲ್ ಬರುವ ಕಡೆ ತಿರುಗಿಸಿಕೊಂಡು ಕಾಯಿರಿ. ಕ್ಲಿಕ್ ಆದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ತುಂಬಾ ಜನರ ಫೋಟೋ ಹಾಳಾಗುವುದು ಅಲ್ಲೇ, ಬೆರಳು ಒತ್ತಿದ ತಕ್ಷಣ ಕೈ ನಿಂತುಬಿಡುತ್ತದೆ.

ಬಟವಾಡಿ ಬೆಳಕು:

ಸೈಕಲ್ ಉಪಾಯ ಅದ್ಭುತ. ಪಕ್ಕದ ಮನೆ ಹುಡುಗ ಒಪ್ಪಿದ್ದಾನೆ. ಕೊನೆಯ ಪ್ರಶ್ನೆ: ಈಗಿರುವ ಓರೆ ಫೋಟೋಗಳನ್ನು ಸರಿ ಮಾಡಬಹುದಾ?

ಅಂತರಗಂಗೆ ಲೆನ್ಸ್:

ಕಾರು ಮಾತ್ರ ವಾಲಿರುವುದನ್ನು ಮಾಡಬಹುದು. ಗಿಂಪ್ ಅನ್ನೋ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಚಿತ್ರವನ್ನು ಓರೆ ಮಾಡುವ ಶಿಯರ್ ಟೂಲ್ ತೆಗೆದು, ಚಕ್ರ ದುಂಡಗಾಗುವವರೆಗೆ ಅಡ್ಡಕ್ಕೆ ಎಳೆಯಿರಿ. ಆಗ ನೆಟ್ಟಗಿದ್ದ ಹಿನ್ನೆಲೆ ಓರೆಯಾಗುತ್ತದೆ, ಕಂಬ ಕಾಣದ ಹಾಗೆ ಬಿಗಿಯಾಗಿ ಕ್ರಾಪ್ ಮಾಡಿ. ಹಿನ್ನೆಲೆ ಮಾತ್ರ ವಾಲಿರುವುದಕ್ಕೆ ಶಿಯರ್ ಹಾಕಬೇಡಿ, ಚೆನ್ನಾಗಿರುವ ಕಾರೇ ಕೆಡುತ್ತದೆ. ಕೆಂಪು ಕಾರಿನದನ್ನು ಹಾಗೇ ಬಿಡಿ. ಮೂಲ ಫೈಲ್ ಕಳಿಸಿದರೆ, ನೀವು ಹಾಕಿರುವುದರಲ್ಲಿ ಕಾರು ಮಾತ್ರ ವಾಲಿರುವ ಹಸಿರು ಕಾರಿನ ಫೋಟೋವನ್ನು ನಾನೇ ಮಾಡಿ ತೋರಿಸುತ್ತೇನೆ, ಎಷ್ಟು ಡಿಗ್ರಿ ಎಳೆದೆ ಅಂತ ಇಲ್ಲೇ ಬರೆಯುತ್ತೇನೆ.