ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ ವೇ ಕಾಲುದಾರಿ ಎಂಟು ದಿನದಲ್ಲಿ ಮುಗಿಯುತ್ತದೆಯೇ? ನಡೆದವರು ಹೇಳಿ

ಮೇ ತಿಂಗಳ ನಡಿಗೆ:
ಮೇ ಕೊನೆಯ ವಾರ ಎಂಟು ದಿನ ರಜೆ ಸಿಕ್ಕಿದೆ. ಚಿಪ್ಪಿಂಗ್ ಕ್ಯಾಂಪ್ಡೆನ್‌ನಿಂದ ಬಾತ್‌ವರೆಗೆ ಪೂರ್ತಿ 164 ಕಿಲೋಮೀಟರ್ ನಡೆಯುವ ಆಸೆ. ಜೊತೆಗೆ ಅಪ್ಪ ಬರುತ್ತಾರೆ. 64 ವರ್ಷ, ದಿನವೂ ಆರು ಕಿಲೋಮೀಟರ್ ನಡೆಯುತ್ತಾರೆ, ಆದರೆ ಇಳಿಜಾರಿನಲ್ಲಿ ಎಡ ಮೊಣಕಾಲು ನೋಯುತ್ತದೆ. ಎಂಟು ದಿನ ಸಾಕೇ? ಸಾಮಾನನ್ನು ಊರಿಂದೂರಿಗೆ ಸಾಗಿಸುವವರಿಗೆ ದುಡ್ಡು ಕೊಡುವುದು ದಂಡವೇ?

ಅಕ್ಕತಂಗಿ:
ನಾನು ಮತ್ತು ಅಕ್ಕ ಒಂಬತ್ತು ದಿನ ತೆಗೆದುಕೊಂಡೆವು. ಲೆಕ್ಕ ಪುಸ್ತಕದಲ್ಲಿದೆ, ಹಾಗೇ ಬರೆಯುತ್ತೇನೆ. ಕೋಣೆಗೆ ಹತ್ತು ರಾತ್ರಿಗೆ 1,140 ಪೌಂಡ್. ಆ ಹತ್ತರಲ್ಲಿ ಒಂದು ರಾತ್ರಿ ನಾವು ಅಲ್ಲಿ ಮಲಗಲೇ ಇಲ್ಲ. ಶನಿವಾರ ಕೋಣೆ ಬೇಕಾದರೆ ಎರಡು ರಾತ್ರಿಯ ದುಡ್ಡು ಕೊಡಲೇಬೇಕು ಎಂದು ಆ ಮನೆಯವರು ಹಟ ಹಿಡಿದರು. ಬೇರೆ ಜಾಗವಿರಲಿಲ್ಲ, ಕೊಟ್ಟೆವು. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಎರಡು ಚೀಲ ಸಾಗಿಸಲು ದಿನಕ್ಕೆ 22, ಒಂಬತ್ತು ದಿನಕ್ಕೆ 198. ಮೋರ್ಟನ್ ಇನ್ ಮಾರ್ಷ್ ರೈಲು ನಿಲ್ದಾಣದಿಂದ ಶುರುವಿನ ಊರಿಗೆ ಟ್ಯಾಕ್ಸಿ 32. ಒಂದು ಸಂಜೆ ತಂಗುವ ಮನೆ ದಾರಿಯಿಂದ ಐದು ಕಿಲೋಮೀಟರ್ ಆಚೆ ಎಂದು ಅಲ್ಲಿಗೆ ಹೋದಮೇಲೆ ಗೊತ್ತಾಯಿತು, ಹೋಗಿ ಬರಲು 36. ಒಟ್ಟು 1,406, ಊಟ ಬಿಟ್ಟು.

ಕೊಟ್ಟದ್ದರಲ್ಲಿ ಸಾರ್ಥಕವಾದದ್ದು ಆ 198 ಮಾತ್ರ. ಬ್ರಾಡ್‌ವೇ ಗೋಪುರದಿಂದ ಹಳ್ಳಿಗೆ ಇಳಿಯುವಾಗ ಬೆನ್ನ ಮೇಲೆ ಒಂದು ನೀರಿನ ಬಾಟಲಿ, ಒಂದು ಮಳೆಯಂಗಿ. ಮುಂದೆ ಗಂಟುಮೋರೆ ಹಾಕಿಕೊಂಡು ದೊಡ್ಡ ಮೂಟೆ ಹೊತ್ತ ಗಂಡಸರು ಹೋಗುತ್ತಿದ್ದರು. ಅಕ್ಕ ಅವರಿಗೆ ನಮಸ್ಕಾರ ಹೇಳಿ ದಾಟಿದಳು.

ಹೊತ್ತು ನಡೆದವ:
ಆ ಗಂಡಸರಲ್ಲಿ ನಾನೂ ಒಬ್ಬನಿದ್ದಿರಬಹುದು. 1,406 ಪೌಂಡ್ ಸುರಿದು, ಚೀಲವನ್ನು ವ್ಯಾನಿನಲ್ಲಿ ಕಳಿಸಿ, ಅದನ್ನು ನಡಿಗೆ ಎನ್ನುತ್ತೀರಲ್ಲ, ಧನ್ಯ.

ನಾನು ಒಬ್ಬನೇ, ಹನ್ನೊಂದು ಕಿಲೋ ಹೊತ್ತು, ಎಂಟು ದಿನ. ಮೊದಲ ದಿನ ಸ್ಟ್ಯಾಂಟನ್, ಎರಡನೆಯ ದಿನ ಕ್ಲೀವ್ ಹಿಲ್. ಕಾಟ್ಸ್‌ವೋಲ್ಡ್ಸ್ ಗುಡ್ಡಸಾಲಿಗೆಲ್ಲ ಅದೇ ಎತ್ತರದ ಜಾಗ. ಎಷ್ಟು? 330 ಮೀಟರ್. ಇಷ್ಟೇನಾ ಎಂದು ನಾನೂ ನಕ್ಕಿದ್ದೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತೇವೆ. ಇವು ಹತ್ತಿರದಿಂದಲೂ ನುಣ್ಣಗೇ ಕಾಣುತ್ತವೆ, ಮೋಸ ಇರುವುದು ಅಲ್ಲೇ. ದಾರಿ ಗುಡ್ಡದ ಅಂಚಿನ ಮೇಲೆ ಸುಮ್ಮನೆ ಸಾಗುವುದಿಲ್ಲ. ಹಳ್ಳಿ ಕಂಡಾಗಲೆಲ್ಲ ಕೆಳಗಿಳಿಯುತ್ತದೆ, ಮತ್ತೆ ಹತ್ತಿಸುತ್ತದೆ. ಮೇಲೆ ಸುಣ್ಣಕಲ್ಲು, ನೀರು ನಿಲ್ಲುವುದಿಲ್ಲ. ಕೆಳಗೆ ಜೇಡಿ. ಮಳೆ ಬಿದ್ದ ಮರುದಿನ ಒಂದೊಂದು ಶೂಗೂ ಒಂದೊಂದು ಕಿಲೋ ಕೆಸರು ಮೆತ್ತಿಕೊಳ್ಳುತ್ತದೆ.

ನನಗೆ ಕೈ ಕೊಟ್ಟದ್ದು ಚೀಲವಲ್ಲ, ಶೂ. ಪಾದದ ಗಂಟು ಮುಚ್ಚುವ ಹೊಸ ಬೂಟು, 165 ಪೌಂಡ್. ಪೇನ್ಸ್‌ವಿಕ್‌ನಲ್ಲಿ ಚರ್ಚ್ ಅಂಗಳದ ಯೂ ಮರಗಳನ್ನು ಎಲ್ಲರೂ ಎಣಿಸುತ್ತಿದ್ದರು, 99 ಎಂದು ಪ್ರತೀತಿ. ನಾನು ಕಲ್ಲುಬೆಂಚಿನ ಮೇಲೆ ಕುಳಿತು ಬೊಕ್ಕೆ ಎಣಿಸಿದೆ, ಏಳು. ಕ್ಯಾಮ್ ಲಾಂಗ್ ಡೌನ್ ಇಳಿದು ಡರ್ಸ್ಲಿ ಮುಟ್ಟುವಾಗ ಬಲ ಮೊಣಕಾಲು ಮಡಚುತ್ತಿರಲಿಲ್ಲ. ಆದರೂ ಮುಗಿಸಿದೆ. ಮರಳಿದ ಮೇಲೆ ಫಿಸಿಯೋಥೆರಪಿ ನಾಲ್ಕು ಸಲ, ಸಲಕ್ಕೆ 52.

ಅಕ್ಕತಂಗಿ:
ನಾಲ್ಕು ಐವತ್ತೆರಡು 208. ಒಂದು ಚೀಲಕ್ಕೆ ದಿನಕ್ಕೆ 11ರಂತೆ ಎಂಟು ದಿನಕ್ಕೆ ನೀವು ಉಳಿಸಿದ್ದು 88. ಇನ್ನು ನಾನೇನೂ ಹೇಳುವುದಿಲ್ಲ.

ಹೊತ್ತು ನಡೆದವ:
ಶೂ ಎಂದು ಬರೆದಿದ್ದೇನೆ. ಓದಲು ಬರುತ್ತದೆ ತಾನೇ?

ಗಾಳಿಗೆ ಬೆನ್ನು:
ಇಬ್ಬರೂ ಉತ್ತರದಿಂದ ಹೊರಟಿದ್ದೀರಿ, ಮೊದಲ ತಪ್ಪೇ ಅದು. ಈ ದೇಶದಲ್ಲಿ ಗಾಳಿ ಮಳೆ ಹೆಚ್ಚಾಗಿ ನೈಋತ್ಯದಿಂದ ಬರುತ್ತವೆ. ಬಾತ್‌ ಕಡೆಗೆ ನಡೆದರೆ ಮುಖಕ್ಕೆ ರಾಚುತ್ತವೆ, ಬಾತ್‌ನಿಂದ ಹೊರಟರೆ ಬೆನ್ನಿಗೆ. ನಾನು ಬಾತ್ ಅಬ್ಬೆ ಚರ್ಚಿನ ಮುಂದಿನ ದುಂಡುಕಲ್ಲಿನಿಂದಲೇ ಶುರು ಮಾಡಿದೆ. ಏಳು ದಿನದಲ್ಲಿ ಮುಗಿಸಿದೆ. ಕಾಲಿಗೆ ಓಟದ ಹಗುರ ಶೂ. ಒದ್ದೆಯಾದವು, ಒಂದು ಗಂಟೆಯಲ್ಲಿ ಒಣಗಿದವು. ಒಂದೇ ಒಂದು ಬೊಕ್ಕೆ ಇಲ್ಲ.

ಕೊನೆಗೆ ಪೇಚಾಟವೂ ಆಯಿತು, ಮುಚ್ಚಿಡುವುದಿಲ್ಲ. ಕೊನೆಯ ಊರಿನಲ್ಲಿ ರೈಲಿಲ್ಲ, ಆ ಭಾನುವಾರ ಬಸ್ಸೂ ಸಿಗಲಿಲ್ಲ. ಟ್ಯಾಕ್ಸಿಗೆ ಎರಡೂವರೆ ಗಂಟೆ ಕಾದೆ, 40 ಪೌಂಡ್ ಕೊಟ್ಟೆ, ಕಣ್ಣೆದುರೇ ರೈಲು ಹೋಯಿತು. ಹೊಸ ಟಿಕೆಟ್ 61. ಗೆದ್ದವನ ಮೆರವಣಿಗೆ ಹೀಗಿತ್ತು.

ಉಚ್ಚಾರ ಮುಖ್ಯ:
ಕ್ಯಾಂಪ್ಡೆನ್ ಅಲ್ಲ, ಕ್ಯಾಮ್ಡನ್. ಪ ಕೇಳಿಸುವುದಿಲ್ಲ. ಜಿಲ್ಲೆಯ ಹೆಸರನ್ನು ಇಲ್ಲಿ ಯಾರೂ ಬರೆಯಲಿಲ್ಲ, ಸದ್ಯ, ಬರೆದಿದ್ದರೆ ಗ್ಲೌಸೆಸ್ಟರ್‌ಶೈರ್ ಎಂದೇ ಬರೆಯುತ್ತಿದ್ದಿರಿ. ಅದು ಗ್ಲಾಸ್ಟರ್‌ಶರ್.

ಹೊತ್ತು ನಡೆದವ:
ಸ್ವಾಮಿ, ಬರೆದಂತೆ ಓದುವ ಭಾಷೆಯವರು ನಾವು. ಅವರು ಓದದ ಅಕ್ಷರವನ್ನು ಏಕೆ ಬರೆಯುತ್ತಾರೆಂದು ಅವರನ್ನೇ ಕೇಳಿ.

ಗಾಳಿಗೆ ಬೆನ್ನು:
ಬಾತ್ ಎಂದು ಬರೆದಾಗಲೆಲ್ಲ ನನಗೆ ಹಸಿವಾಗುತ್ತದೆ. ಅದಕ್ಕೇನಾದರೂ ತಿದ್ದುಪಡಿ ಇದೆಯೇ?

ನಾಯಿಯೊಡನೆ:
ನಾನು ಪೂರ್ತಿ ನಡೆದವಳಲ್ಲ, ನಾಲ್ಕನೆಯ ದಿನ ಬಿಟ್ಟು ಬಂದವಳು. ಆದ್ದರಿಂದ ಇಲ್ಲಿ ಮಾತನಾಡಲು ಅರ್ಹತೆ ಇದೆಯೋ ಇಲ್ಲವೋ. ಲೆಕ್‌ಹ್ಯಾಂಪ್ಟನ್ ದಾಟಿದ ಮೇಲೆ ಒಂದು ಹುಲ್ಲುಗಾವಲಿನಲ್ಲಿ ಕರು ಹಾಕಿದ ಹಸುಗಳಿದ್ದವು. ದಾರಿ ನಟ್ಟನಡುವೆಯೇ. ಹಸುಗಳು ಮೊದಲು ನೋಡಿದವು, ಆಮೇಲೆ ನಡೆದು ಬಂದವು, ಆಮೇಲೆ ಓಡಿ ಬಂದವು. ನಾಯಿಯ ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದೆ, ಅದೇ ದೊಡ್ಡ ತಪ್ಪು. ಹಸು ಅಟ್ಟಿ ಬಂದರೆ ನಾಯಿಯನ್ನು ಬಿಟ್ಟುಬಿಡಬೇಕು, ಅದು ಓಡಿ ಉಳಿದುಕೊಳ್ಳುತ್ತದೆ, ಹಸುಗಳ ಸಿಟ್ಟು ಅದರ ಮೇಲೆ. ಇದನ್ನು ಒಬ್ಬ ರೈತ ಹೇಳಿದ್ದು, ನಾನು ಬೇಲಿಯ ಆಚೆ ಮುಳ್ಳುಕಂಟಿಯಲ್ಲಿ ಬಿದ್ದಿದ್ದಾಗ.

ಉಳಿದ ರಾತ್ರಿಗಳ ದುಡ್ಡು, 430 ಪೌಂಡ್, ಒಬ್ಬರೂ ಮರಳಿಸಲಿಲ್ಲ. ಈಗ ಅದೇ ದಾರಿಯನ್ನು ತುಂಡು ತುಂಡಾಗಿ, ಶನಿವಾರಕ್ಕೊಂದರಂತೆ ನಡೆಯುತ್ತಿದ್ದೇನೆ. ಬಸ್ಸಿಗೆ ಒಂದು ಕಡೆಗೆ ಮೂರು ಪೌಂಡಿಗಿಂತ ಹೆಚ್ಚು ಕೊಟ್ಟಿಲ್ಲ, ರಾತ್ರಿ ನನ್ನ ಹಾಸಿಗೆಯಲ್ಲೇ ನಿದ್ದೆ.

ಗಾಳಿಗೆ ಬೆನ್ನು:
ತುಂಡು ತುಂಡಾಗಿ ನಡೆದರೆ ನಡೆದಂತಲ್ಲ.

ನಾಯಿಯೊಡನೆ:
ಹಸು ನಿಮ್ಮನ್ನು ಅಟ್ಟಿಸಿಕೊಂಡು ಬಂದ ಮೇಲೆ ಈ ಮಾತು ಹೇಳಿ.

ಅಕ್ಕತಂಗಿ:
ಏಳು ದಿನದಲ್ಲಿ ಮುಗಿಸಿದವರು ಸ್ಟಿಂಚ್‌ಕೂಂಬ್ ಹಿಲ್ ಸುತ್ತು ಹಾಕಿದ್ದೀರಾ? ಕೇಳಿಯೇಬಿಡೋಣ ಎನಿಸಿತು.

ಗಾಳಿಗೆ ಬೆನ್ನು:
ಗಾಲ್ಫ್ ಮೈದಾನವನ್ನು ಬಳಸಿ ಸುಮಾರು ನಾಲ್ಕು ಕಿಲೋಮೀಟರ್ ನಡೆದು ಹೊರಟ ಜಾಗದ ಹತ್ತಿರಕ್ಕೇ ಬರುವ ಸುತ್ತು ಅದು. ಬುದ್ಧಿ ಇದ್ದವರು ನೇರ ಹೋಗುತ್ತಾರೆ. ಫಲಕದಲ್ಲೂ ಅಡ್ಡದಾರಿ ತೋರಿಸಿದ್ದಾರೆ.

ಹೊತ್ತು ನಡೆದವ:
ಅಂದರೆ ಹಾಕಿಲ್ಲ. ನಾನು ಊರುಗೋಲು ಹಿಡಿದು, ಒಂದು ಕಾಲು ಎಳೆದುಕೊಂಡು, ಆ ಸುತ್ತನ್ನು ಪೂರ್ತಿ ಹಾಕಿದ್ದೇನೆ. ಸೆವರ್ನ್ ನದಿ ಕಾಣುತ್ತದೆ, ಆಚೆ ವೇಲ್ಸ್ ಕಾಣುತ್ತದೆ. ನೀವು ನಡೆದದ್ದು 160. ತುಂಡಿನ ಬಗ್ಗೆ ಬೇರೆಯವರಿಗೆ ಉಪದೇಶ ಬೇರೆ.

ಅಕ್ಕತಂಗಿ:
ಈ ಒಂದು ವಿಷಯದಲ್ಲಿ ಇವರ ಪರ ನಾನು. ನಾವೂ ಹಾಕಿದೆವು.

ಹೊತ್ತು ನಡೆದವ:
ಮೂಟೆ ಇಲ್ಲದೆ.

ಮೇ ತಿಂಗಳ ನಡಿಗೆ:
ಎಲ್ಲರಿಗೂ ಧನ್ಯವಾದ. ಅಪ್ಪನ ಮೊಣಕಾಲು?

ಅಕ್ಕತಂಗಿ:
ಅಯ್ಯೋ, ಮರೆತೆ. ಎರಡು ಊರುಗೋಲು ಕೊಡಿಸಿ, ಇಳಿಯುವಾಗ ಭಾರ ಅವುಗಳ ಮೇಲೆ ಬೀಳಲಿ. ಇನ್ನೊಂದು. ಮೇ ಕೊನೆಯ ಸೋಮವಾರ ಬ್ಯಾಂಕ್ ರಜೆ, ಅಂದೇ ಕೂಪರ್ಸ್ ಹಿಲ್‌ನಲ್ಲಿ ಚೀಸ್ ಗಾಲಿ ಉರುಳಿಸಿ ಅದರ ಹಿಂದೆ ಜನ ಉರುಳುವ ಪಂದ್ಯ. ದಾರಿ ಅಲ್ಲೇ ಹಾಯುತ್ತದೆ. ಸುತ್ತಮುತ್ತ ಕೋಣೆ ಸಿಗುವುದಿಲ್ಲ, ಈಗಲೇ ಹಿಡಿಯಿರಿ.

ಹೊತ್ತು ನಡೆದವ:
64ಕ್ಕೆ ಎಂಟು ದಿನ ಸಾಲದು. ಹತ್ತು ಮಾಡಿ. ರಜೆ ಇಲ್ಲವೆಂದರೆ ಡರ್ಸ್ಲಿಯಲ್ಲಿ ನಿಲ್ಲಿಸಿ.

ಮೇ ತಿಂಗಳ ನಡಿಗೆ:
ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ: ಆ ಸ್ಟಿಂಚ್‌ಕೂಂಬ್ ಸುತ್ತು ಹಾಕಲೇಬೇಕೇ?

ಹೊತ್ತು ನಡೆದವ:
ಹಾಕಲೇಬೇಕು.

ಗಾಳಿಗೆ ಬೆನ್ನು:
ಬೇಡ.

ಉಚ್ಚಾರ ಮುಖ್ಯ:
ಸ್ಟಿಂಚ್‌ಕಮ್.