ಮಳೆಗಾಲದ ಘಾಟಿ ಸವಾರಿ: ಬೈಕಿನಲ್ಲಿ ಆ್ಯಕ್ಷನ್ ಕ್ಯಾಮೆರಾ ಎಲ್ಲಿ ಕೂರಿಸುವುದು?

ಪ್ರಶ್ನೆ: ತುಂಗಾದಂಡೆ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು 350 ಸಿಸಿಯ ಹಳೆಯ ಒಂಟಿ ಸಿಲಿಂಡರ್ ಬೈಕು. ಅಮ್ಮನ ತವರು ಮೇಗರವಳ್ಳಿಯ ಕಡೆ. ಮಂಡಿನೋವಿನಿಂದಾಗಿ ಅವರು ಈಗ ಅಷ್ಟು ದೂರ ಕುಳಿತು ಪ್ರಯಾಣ ಮಾಡಲಾರರು. ಹಾಗಾಗಿ ಗಾಜನೂರು, ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳಿ ದಾಟಿ ಆಗುಂಬೆಯವರೆಗಿನ ದಾರಿಯನ್ನು ಮಳೆಗಾಲದಲ್ಲೇ ಚಿತ್ರಿಸಿ, ಮನೆಯ ಟಿವಿಯಲ್ಲಿ ಅವರಿಗೆ ತೋರಿಸಬೇಕೆಂದು ಸೆಕೆಂಡ್‌ಹ್ಯಾಂಡ್ ಆ್ಯಕ್ಷನ್ ಕ್ಯಾಮೆರಾ ಒಂದನ್ನು ಕೊಂಡೆ.

ಎರಡು ಬಾರಿ ಪ್ರಯತ್ನಿಸಿ ಎರಡು ಬಾರಿಯೂ ಸೋತಿದ್ದೇನೆ. ಮೊದಲ ಬಾರಿ ಕ್ಲ್ಯಾಂಪ್ ಹಾಕಿ ಹ್ಯಾಂಡಲ್‌ಬಾರಿಗೆ ಕಟ್ಟಿದ್ದೆ. ವೇಗ ಅರವತ್ತು ದಾಟುತ್ತಿದ್ದಂತೆ ರಸ್ತೆಬದಿಯ ಮರಗಳ ಕಾಂಡಗಳು ಹಾವಿನಂತೆ ಬಳುಕತೊಡಗಿ, ನೋಡಿದವರಿಗೆ ತಲೆ ತಿರುಗುವಂತಾಯಿತು. ಎರಡನೆಯ ಬಾರಿ ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಟಿನ ಬುಡ ಹಚ್ಚಿದೆ. ಅದು ತೀರ್ಥಹಳ್ಳಿಗೆ ಮುಂಚೆಯೇ ಒಂದು ಹಂಪಿನಲ್ಲಿ ಕಿತ್ತುಬಂದಿತು. ಸುರಕ್ಷತೆಗೆಂದು ಕಟ್ಟಿದ್ದ ದಾರದಲ್ಲಿ ಕ್ಯಾಮೆರಾ ನೇತಾಡಿ ಟ್ಯಾಂಕಿನ ಬಣ್ಣ ಕೆರೆದಿದೆ. ಇದಲ್ಲದೆ ಕಾಡಿನ ನೆರಳಿಗೆ ಬಂದ ಕೂಡಲೇ ಚಿತ್ರವೆಲ್ಲ ಮಸುಕಾಗುತ್ತದೆ. ಕ್ಯಾಮೆರಾವನ್ನು ಎಲ್ಲಿ, ಹೇಗೆ ಕೂರಿಸಬೇಕೆಂದು ಅನುಭವವುಳ್ಳವರು ತಿಳಿಸಿಕೊಡಬೇಕಾಗಿ ಕೋರುತ್ತೇನೆ.

ಉತ್ತರ: ನಗರದ ಕೋಟೆ, ಹೊಸನಗರ

ನಿಮ್ಮ ಕ್ಯಾಮೆರಾದಲ್ಲಿ ದೋಷವಿದೆಯೆಂದು ನನಗೆ ಅನ್ನಿಸುವುದಿಲ್ಲ. ಒಂಟಿ ಸಿಲಿಂಡರ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಸಲ ಅದುರುತ್ತದೆ, ಆ ಅದುರು ಚೌಕಟ್ಟಿನ ಮೂಲಕ ನೇರವಾಗಿ ಹ್ಯಾಂಡಲಿಗೆ ಬರುತ್ತದೆ. ಕ್ಯಾಮೆರಾದ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಏಟಿಗೆ ಹಿಡಿಯುವುದಿಲ್ಲ. ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದುತ್ತ ಬರುತ್ತದೆ. ಮೇಲಿನ ಸಾಲು ಓದಿ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಹ್ಯಾಂಡಲ್ ಜರುಗಿರುವುದರಿಂದ, ನೆಟ್ಟಗಿರುವ ಮರ ಬಳುಕಿದಂತೆ ಮೂಡುತ್ತದೆ. ಕ್ಯಾಮೆರಾದೊಳಗಿನ ಸ್ಟೆಬಿಲೈಸೇಶನ್ ರಸ್ತೆಯ ಗುಂಡಿಯ ಕುಲುಕಾಟವನ್ನು ಚೆನ್ನಾಗಿ ಸರಿಪಡಿಸಬಲ್ಲದಾದರೂ ಇಷ್ಟು ಸಣ್ಣ, ಇಷ್ಟು ವೇಗದ ಅದುರಿನ ಮುಂದೆ ಅದರ ಆಟ ಹೆಚ್ಚು ನಡೆಯುವುದಿಲ್ಲ. ನಿಮ್ಮ ಬೈಕಿನ ಕನ್ನಡಿಯಲ್ಲಿ ಹಿಂದಿನ ಬಸ್ಸಿನ ಫಲಕ ಓದಲು ಬಾರದಿದ್ದರೆ, ಕ್ಯಾಮೆರಾಕ್ಕೂ ಅದೇ ಗತಿ ಎಂದು ತಿಳಿಯಿರಿ.

ಪರಿಹಾರ ನಿಮ್ಮ ಮೈಯಲ್ಲೇ ಇದೆ. ಸೀಟಿನ ಸ್ಪಂಜು, ಸೊಂಟ, ಬೆನ್ನು, ಕುತ್ತಿಗೆ, ಹೆಲ್ಮೆಟಿನ ಒಳಗಿನ ಮೆತ್ತೆ, ಇವೆಲ್ಲ ಸೇರಿ ಎಂಜಿನ್ನಿನ ಅದುರನ್ನು ನುಂಗಿಬಿಡುತ್ತವೆ. ಆದ್ದರಿಂದ ಪೂರ್ಣ ಮುಖ ಮುಚ್ಚುವ ಹೆಲ್ಮೆಟಿನ ಗಲ್ಲದ ಭಾಗಕ್ಕೆ, ಅಂದರೆ ಚಿನ್ ಮೌಂಟಿನಲ್ಲಿ ಕ್ಯಾಮೆರಾ ಕೂರಿಸುವುದು ನನ್ನ ಮಟ್ಟಿಗೆ ಅತ್ಯುತ್ತಮ. ಹೆಲ್ಮೆಟಿನ ನೆತ್ತಿಯ ಮೇಲೆ ಕೋಡಿನಂತೆ ನಿಲ್ಲಿಸಬೇಡಿ. ಅಲ್ಲಿ ಗಾಳಿ ಹೊಡೆದು ಕುತ್ತಿಗೆ ಸೋಲುತ್ತದೆ, ತೀರ ಎತ್ತರದಿಂದ ನೋಡಿದಂತಾಗಿ ರಸ್ತೆಯ ವೇಗವೂ ತಿಳಿಯುವುದಿಲ್ಲ. ಕೋನ ಹೊಂದಿಸುವಾಗ ಬೈಕನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸವಾರಿಯ ಭಂಗಿಯಲ್ಲೇ ಕುಳಿತು, ಮೊಬೈಲಿನಲ್ಲಿ ಚಿತ್ರ ನೋಡುತ್ತ ತಿರುಪು ಬಿಗಿ ಮಾಡಿ. ಸ್ಪೀಡೋಮೀಟರಿನ ಮೇಲಂಚು ಚಿತ್ರದ ತಳದಲ್ಲಿ ಇಣುಕುವಂತಿದ್ದರೆ ಸಾಕು. ನಿಂತು ಹೊಂದಿಸಿದವರೆಲ್ಲರ ವಿಡಿಯೊದಲ್ಲೂ ಟ್ಯಾಂಕ್ ಮತ್ತು ತೊಡೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ನನ್ನ ಮೊದಲ ಹುಲಿಕಲ್ ಘಾಟಿಯ ವಿಡಿಯೊ ಪೂರ್ತಿ ನನ್ನ ತೊಡೆಯದೇ.

ಹ್ಯಾಂಡಲೇ ಬೇಕೆಂದರೆ ಮೌಂಟಿನ ತೋಳು ಆದಷ್ಟು ಗಿಡ್ಡವಾಗಿರಲಿ, ಏಕೆಂದರೆ ತೋಳು ಉದ್ದವಾದಷ್ಟೂ ತುದಿಯ ಅದುರು ಹೆಚ್ಚುತ್ತದೆ. ಆಸೆಗೆ ಬಿದ್ದು ಆ ಜಾಗಕ್ಕೆ ಮೊಬೈಲನ್ನು ಮಾತ್ರ ಕಟ್ಟಬೇಡಿ. ಬೈಕ್ ಎಂಜಿನ್ನಿನ ತೀವ್ರ ಕಂಪನದಿಂದ ಐಫೋನಿನ ಕ್ಯಾಮೆರಾ ಹಾಳಾಗಬಹುದೆಂದು ಆ್ಯಪಲ್ ಸಂಸ್ಥೆಯೇ 2021ರಲ್ಲಿ ಎಚ್ಚರಿಸಿದೆ.

ಉತ್ತರ: ತೋಟದ ಮನೆ, ಕೊಪ್ಪ

ಅಂಟಿನ ವಿಷಯವನ್ನು ಹಿಂದಿನವರು ಬಿಟ್ಟಿರುವುದರಿಂದ ಬರೆಯುತ್ತಿದ್ದೇನೆ. ಒದ್ದೆ ಅಡಿಕೆ ಗೊನೆಗೆ ಕೊಳೆರೋಗದ ಔಷಧಿಯಾದ ಬೋರ್ಡೋ ಹೊಡೆದರೆ ನಿಲ್ಲುವುದಿಲ್ಲವೆಂದು ತೋಟವಿರುವ ನಮಗೆಲ್ಲ ಗೊತ್ತು, ಹೊಳವಾಗುವವರೆಗೆ ಕಾಯುತ್ತೇವೆ. ಆದರೆ ಕ್ಯಾಮೆರಾದ ಬುಡ ಹಚ್ಚುವಾಗ ಆ ತಾಳ್ಮೆ ಎಲ್ಲಿ ಹೋಗುತ್ತದೆಯೋ ತಿಳಿಯದು. ಆ ಬುಡದಡಿಯ ಅಕ್ರಿಲಿಕ್ ಟೇಪು ಒತ್ತಿದ ಕೂಡಲೇ ಹಿಡಿದಂತೆ ಕಂಡರೂ, ಬೆಚ್ಚಗಿನ ಕೋಣೆಯಲ್ಲಿ 24 ಗಂಟೆ ಕಳೆದ ಮೇಲೆ ಹತ್ತರಲ್ಲಿ ಒಂಬತ್ತು ಪಾಲು, 72 ಗಂಟೆ ಕಳೆದ ಮೇಲೆ ಪೂರ್ತಿ ಹಿಡಿತ ಬರುತ್ತದೆ. ಆಷಾಢದ ಥಂಡಿಯಲ್ಲಿ ಇನ್ನೂ ನಿಧಾನ. ನೀವು ಬೆಳಿಗ್ಗೆ ಹಚ್ಚಿ ಬೆಳಿಗ್ಗೆಯೇ ಹೊರಟಿರಬೇಕೆಂದು ನನ್ನ ಊಹೆ.

ಟ್ಯಾಂಕಿಗೆ ಪಾಲಿಶ್ ಹಾಕಿದ್ದರೆ ಅದರ ಮೇಣದ ಮೇಲೆ ಯಾವ ಟೇಪೂ ನಿಲ್ಲದು. ಹೆಲ್ಮೆಟಿಗೆ ಹಚ್ಚುವುದಾದರೆ ಮೊದಲು ಸೋಪಿನ ನೀರಿನಿಂದ ತೊಳೆದು ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಲಘುವಾಗಿ ಒರೆಸಿ, ಹೇರ್ ಡ್ರೈಯರಿನಿಂದ ಸ್ವಲ್ಪ ಬೆಚ್ಚಗೆ ಮಾಡಿ ಒತ್ತಿ ಹಿಡಿಯಿರಿ. ಗ್ಯಾರೇಜಿನ ಹುಡುಗರು ಪ್ರೀತಿಯಿಂದ ಪೆಟ್ರೋಲೋ ಥಿನ್ನರೋ ತಂದು ಒರೆಸಲು ಬಂದರೆ ದಯವಿಟ್ಟು ತಡೆಯಿರಿ. ಅವು ಹೆಲ್ಮೆಟಿನ ಪ್ಲಾಸ್ಟಿಕ್ ಚಿಪ್ಪನ್ನೇ ದುರ್ಬಲಗೊಳಿಸುತ್ತವೆ. ಹಾಗೆಯೇ ತಿರುಪು ಹಾಕಲೆಂದು ಹೆಲ್ಮೆಟಿಗೆ ತೂತು ಕೊರೆಯುವ ಯೋಚನೆಯೂ ಬೇಡ.

ಮಳೆಗೆ ಇನ್ನೊಂದು ಮಾತು. ಹೊರಗಿನಿಂದ ನೀರು ತಾಗದ ಡಬ್ಬಿಯಲ್ಲಿ ಕ್ಯಾಮೆರಾ ಇಟ್ಟರೆ ಒಳಗಿನ ಬಿಸಿಗೂ ಹೊರಗಿನ ಥಂಡಿಗೂ ಗಾಜಿನ ಒಳಮೈಯಲ್ಲಿ ಬೆವರು ಕಟ್ಟುತ್ತದೆ. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣವನ್ನು ಒಳಗೆ ಹಾಕಿ, ಡಬ್ಬಿಯನ್ನು ಮನೆಯ ಒಣ ಕೋಣೆಯಲ್ಲೇ ಮುಚ್ಚಿಕೊಂಡು ಹೊರಡಿ, ದಾರಿಯಲ್ಲಿ ತೆರೆಯಬೇಡಿ. ಆಗುಂಬೆಯಲ್ಲಿ ಚಹಾ ಕುಡಿಯಲು ಇಳಿದಾಗ ಹೆಲ್ಮೆಟನ್ನು ಕನ್ನಡಿಗೆ ಸಿಕ್ಕಿಸಿ ಹೋಗಲೂಬೇಡಿ. ಮೈಕಿನ ಸ್ಪಂಜನ್ನು ತಿಂಡಿಯೆಂದು ಬಗೆದ ಮಂಗವೊಂದು ನನ್ನದನ್ನು ಕಿತ್ತು ಮರ ಹತ್ತಿತ್ತು.

ಉತ್ತರ: ಶರಾವತಿ ಸವಾರೆ, ಸಾಗರ

ಹೊಸನಗರದ ಸರ್ ಹೇಳಿದ್ದರಲ್ಲಿ ಒಂದು ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಹೆಲ್ಮೆಟಿಗೆ ಏನನ್ನೇ ಅಂಟಿಸಿದರೂ ಬಿದ್ದಾಗ ಅದು ರಸ್ತೆಗೆ ಸಿಕ್ಕಿಕೊಂಡು ಕುತ್ತಿಗೆಯನ್ನು ತಿರುಚುವ ಅಪಾಯವಿದೆ. ಹೆಲ್ಮೆಟಿನ ಮೇಲಿನ ಐಎಸ್‌ಐ ಗುರುತು ಕ್ಯಾಮೆರಾ ಅಂಟಿಸಿದ ಹೆಲ್ಮೆಟನ್ನು ಪರೀಕ್ಷಿಸಿ ಕೊಟ್ಟದ್ದೂ ಅಲ್ಲ. ಕೇರಳದ ಮೋಟಾರು ವಾಹನ ಇಲಾಖೆ 2022ರಲ್ಲಿ ಹೆಲ್ಮೆಟಿನ ಮೇಲೆ ಕ್ಯಾಮೆರಾ ಇಡುವುದನ್ನೇ ನಿಷೇಧಿಸಿತು. ಆದ್ದರಿಂದ ನಾನು ಎದೆಪಟ್ಟಿಯನ್ನೇ ಬಳಸುತ್ತೇನೆ. ಅದುರು ಅಲ್ಲಿಗೂ ಬರುವುದಿಲ್ಲ, ಎರಡೂ ಕೈಗಳು ಮತ್ತು ಹ್ಯಾಂಡಲ್ ಚಿತ್ರದಲ್ಲಿ ಬರುವುದರಿಂದ ನೋಡುವವರಿಗೆ ತಾವೇ ಬೈಕ್ ಓಡಿಸಿದಂತೆ ಅನ್ನಿಸುತ್ತದೆ. ತಿರುವಿನಲ್ಲಿ ತಲೆ ತಿರುಗಿಸಿದರೂ ಚಿತ್ರ ಅತ್ತಿತ್ತ ಹೊರಳುವುದಿಲ್ಲ. ಬಾಗಿ ಕುಳಿತುಕೊಳ್ಳುವ ಸ್ಪೋರ್ಟ್ಸ್ ಬೈಕಿಗೆ ಎದೆಪಟ್ಟಿ ಒಗ್ಗದು, ನಿಮ್ಮಂತೆ ನೆಟ್ಟಗೆ ಕೂರುವ ಬೈಕಿಗೆ ಹೇಳಿ ಮಾಡಿಸಿದಂತಿದೆ. ಮಳೆಯ ಕೋಟನ್ನು ಒಳಗೆ ಹಾಕಿ, ಪಟ್ಟಿಯನ್ನು ಅದರ ಮೇಲೆ ಬಿಗಿಯಬೇಕು.

ನೆರಳಿನ ಮಸುಕಿಗೆ ಕಾರಣ ಸೆನ್ಸರಿಗೆ ಬೆಳಕು ಬಿಡುವ ಶಟರ್. ಬಯಲಿನ ಬಿಸಿಲಿನಲ್ಲಿ ಅದು ಕ್ಷಣಾರ್ಧದಲ್ಲಿ ಮುಚ್ಚಿಕೊಳ್ಳುತ್ತದೆ, ಮರಗಳ ಚಪ್ಪರದಡಿ ಬೆಳಕು ಸಾಲದೆ 1/30 ಸೆಕೆಂಡಿನಷ್ಟು ಹೊತ್ತು ತೆರೆದಿರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿಗೆ ಬೈಕು ಅರ್ಧ ಮೀಟರಿಗಿಂತ ಮುಂದೆ ಹೋಗಿರುತ್ತದೆ. ಹೀಗೆ ಒಂದೇ ಚಿತ್ರದೊಳಗೆ ಕಲಸಿಹೋದದ್ದನ್ನು ಯಾವ ಸ್ಟೆಬಿಲೈಸೇಶನ್ನೂ ಬಿಡಿಸಲಾರದು. ಶಟರನ್ನು 1/120ಕ್ಕೆ ನಿಲ್ಲಿಸಿ, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಮಿತಿಯನ್ನು 1600ರವರೆಗೆ ಬಿಟ್ಟುಕೊಡಿ. ಚಿತ್ರದಲ್ಲಿ ಸ್ವಲ್ಪ ರವೆ ರವೆ ಕಂಡೀತು, ಆದರೆ ಮರ ಮರವಾಗಿಯೇ ಇರುತ್ತದೆ. ದಾರಿಯನ್ನು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ ಮುಗಿಸಿಕೊಳ್ಳಿ. ಫೋರ್‌ಕೆ ವಿಡಿಯೊ ಸೆಕೆಂಡಿಗೆ 60 ಮೆಗಾಬಿಟ್ ದರದಲ್ಲಿ ಗಂಟೆಗೆ 27 ಜಿಬಿ ನುಂಗುವುದರಿಂದ, ವೇಗವಾಗಿ ಬರೆದುಕೊಳ್ಳುವ ವಿ30 ಗುರುತಿನ 128 ಜಿಬಿ ಕಾರ್ಡ್ ಇಟ್ಟುಕೊಂಡರೆ ಹೋಗಿಬರಲು ಸಾಕಾಗುತ್ತದೆ.

ಮರುಪ್ರತಿಕ್ರಿಯೆ: ತುಂಗಾದಂಡೆ, ಶಿವಮೊಗ್ಗ

ಮೂವರಿಗೂ ಧನ್ಯವಾದಗಳು. ಕೊಪ್ಪದವರ ಊಹೆ ನಿಜ: ನಾನು ಬೆಳಿಗ್ಗೆ ಏಳಕ್ಕೆ ಅಂಟಿಸಿ ಎಂಟಕ್ಕೆ ಹೊರಟಿದ್ದೆ, ಹಿಂದಿನ ದಿನವಷ್ಟೇ ಟ್ಯಾಂಕಿಗೆ ಪಾಲಿಶ್ ಕೂಡ ಮಾಡಿಸಿದ್ದೆ. ಸಾಗರದ ಮೇಡಂ ಹೇಳಿದಂತೆ ಎದೆಪಟ್ಟಿ ತಂದು, ಶಟರ್ ಬದಲಿಸಿ, ಕಳೆದ ಭಾನುವಾರ ಹೋಗಿಬಂದೆ. ಮಂಡಗದ್ದೆಯ ಬಳಿ ಮರಗಳು ನೆಟ್ಟಗೆ ನಿಂತಿವೆ. ತೀರ್ಥಹಳ್ಳಿಯ ನಂತರ ಜಡಿಮಳೆ ಹಿಡಿದು ಲೆನ್ಸಿನ ಮೇಲೆ ಹನಿ ಕೂತಾಗ ಎಡಗೈಯ ಗ್ಲೌಸಿನಿಂದ ಒರೆಸಿಕೊಂಡೆ. ಆ ಹೆಬ್ಬೆರಳು ವಿಡಿಯೊದಲ್ಲಿ ಹನ್ನೊಂದು ಬಾರಿ ಬರುತ್ತದೆ.

ಅಮ್ಮ ಪೂರ್ತಿ ನೋಡಿದರು. ಆದರೆ ಇಷ್ಟು ಮಳೆ ಕಾಣುತ್ತಿದ್ದರೂ ಮಳೆಯ ಸದ್ದೇ ಇಲ್ಲವಲ್ಲ ಎಂದು ಕೇಳಿದರು. ಗಾಳಿಯ ಭೋರ್ಗರೆತ ಮತ್ತು ಎಂಜಿನ್ ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಇದಕ್ಕೇನಾದರೂ ಉಪಾಯವಿದೆಯೇ?

ಉತ್ತರ: ತೋಟದ ಮನೆ, ಕೊಪ್ಪ

ಓಡುವ ಬೈಕಿನಲ್ಲಿ ಆ ಸದ್ದು ಸಿಗುವುದಿಲ್ಲ. ಮೈಕಿಗೆ ಎಷ್ಟು ಸ್ಪಂಜು ಸುತ್ತಿದರೂ ಗಾಳಿ ಕಡಿಮೆಯಾದೀತೇ ಹೊರತು ಮಳೆ ಕೇಳಿಸದು. ಮುಂದಿನ ಬಾರಿ ಮೇಗರವಳ್ಳಿ ದಾಟಿದ ಮೇಲೆ ಯಾವುದಾದರೂ ಬಸ್ ನಿಲ್ದಾಣದ ಹೆಂಚಿನ ಮಾಡಿನಡಿ ಬೈಕು ನಿಲ್ಲಿಸಿ, ಎಂಜಿನ್ ಆರಿಸಿ, ಕ್ಯಾಮೆರಾವನ್ನು ಕಟ್ಟೆಯ ಮೇಲಿಟ್ಟು ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಆ ಧ್ವನಿಯನ್ನು ವಿಡಿಯೊದ ಕೆಳಗೆ ಜೋಡಿಸಿ, ಎಂಜಿನ್ನಿನ ಸದ್ದನ್ನು ಕಾಲು ಭಾಗಕ್ಕೆ ಇಳಿಸಿ. ಜೀರುಂಡೆಯೂ ಸೇರಿಕೊಂಡರೆ ತೆಗೆಯಲು ಹೋಗಬೇಡಿ.