ತಾಂಡಾದ ಮಕ್ಕಳು ಒಂದು ಕಡೆ, ಊರಿನ ಮಕ್ಕಳು ಒಂದು ಕಡೆ: ನಿಮ್ಮ ತರಗತಿ ಒಂದಾಗಿದ್ದು ಹೇಗೆ?

ಕೇಳಿದವರು, ಹೊಸ ಶಿಕ್ಷಕಿ, ಕಲ್ಯಾಣ ಕರ್ನಾಟಕ:
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರನೇ ತರಗತಿ ನನ್ನದು. ಐದರವರೆಗೆ ತಾಂಡಾದ (ಲಂಬಾಣಿ ಜನರ ವಸತಿ) ಕಿರಿಯ ಶಾಲೆಯಲ್ಲಿದ್ದ ಮಕ್ಕಳು ಈ ಜೂನ್‌ನಲ್ಲಿ ಇಲ್ಲಿಗೆ ಬಂದಿದ್ದಾರೆ. ಕೂರೋದು, ಆಡೋದು, ಉಣ್ಣೋದು ಎಲ್ಲದರಲ್ಲೂ ಎರಡು ಬಣ. ಬುದ್ಧಿ ಹೇಳಿದರೆ ತಲೆ ಆಡಿಸ್ತಾರೆ, ಮರುದಿನ ಮತ್ತೆ ಅದೇ. ನೀವೆಲ್ಲ ಏನು ಮಾಡಿದ್ರಿ?

ಹಿರಿಯ ಶಿಕ್ಷಕ, ವಿಜಯಪುರ ಜಿಲ್ಲೆ:
ಮೇಡಂ, ಬುದ್ಧಿಮಾತು ಸ್ವಲ್ಪ ದಿನ ಬದಿಗಿಡಿ. ನಿಮ್ಮ ತರಗತಿಯಲ್ಲಿ ದಿನಾ ನಡೆಯುವ ಸಣ್ಣ ಕೆಲಸಗಳನ್ನು ಯಾರು ಮಾಡ್ತಾರೆ ಅಂತ ಒಂದು ವಾರ ಸುಮ್ಮನೆ ನೋಡಿ. ಹಾಜರಿ ಪುಸ್ತಕ ತರೋದು, ಸೀಮೆಸುಣ್ಣ ತರೋದು, ಬೀಗದ ಕೈ ಇಟ್ಟುಕೊಳ್ಳೋದು, ಪ್ರಾರ್ಥನೆಯಲ್ಲಿ ಸಂವಿಧಾನ ಪೀಠಿಕೆ ಹೇಳಿಕೊಡೋದು ಯಾರು? ಕಸ ಗುಡಿಸೋದು ಯಾರು? ನಾನು ಕಂಡ ಬಹಳಷ್ಟು ತರಗತಿಗಳಲ್ಲಿ ಮೊದಲಿನ ಪಟ್ಟಿ ಊರೊಳಗಿನ ನಾಲ್ಕೈದು ಮಕ್ಕಳದ್ದೇ. ತರಗತಿ ಯಾರದ್ದು ಅನ್ನೋದನ್ನ ಮಕ್ಕಳು ಅಲ್ಲೇ ಓದಿಕೊಳ್ತಾರೆ.

ಒಂದು ರಟ್ಟಿನ ಮೇಲೆ ಎಲ್ಲ ಕೆಲಸ ಬರೆದು ಹಾಜರಿ ಕ್ರಮದಲ್ಲಿ ವಾರಕ್ಕೊಮ್ಮೆ ಬದಲಾಯಿಸಿ. ಪ್ರತಿ ಕೆಲಸಕ್ಕೂ ಇಬ್ಬರು, ಒಬ್ಬರು ಊರಿನವರು, ಒಬ್ಬರು ತಾಂಡಾದವರು. ಗುಡಿಸುವ ಸರದಿ ಎಲ್ಲರಿಗೂ ಬರಲಿ, ಗಂಡುಮಕ್ಕಳನ್ನೂ ಬಿಡಬೇಡಿ.

ಇನ್ನೊಂದು, ಮಾನಿಟರ್ ಬೋರ್ಡಿನ ಮೇಲೆ ಮಾತಾಡಿದವರ ಹೆಸರು ಬರೆಯುವ ಪದ್ಧತಿ ಇದ್ದರೆ ಇವತ್ತೇ ನಿಲ್ಲಿಸಿ. ಅದು ಒಬ್ಬ ಮಗುವಿನ ಕೈಯಲ್ಲಿ ಇನ್ನೊಬ್ಬರ ಮೇಲೆ ದೂರು ಬರೆಸುವ ಪದ್ಧತಿ. ಗೆಳೆಯರ ಹೆಸರು ಅಳಿಸಿಹೋಗುತ್ತೆ, ಬೇರೆಯವರದ್ದು ಉಳಿಯುತ್ತೆ. ಹೊಡೆತ, ಮಾನಸಿಕ ಹಿಂಸೆ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಎಲ್ಲರೆದುರು ಹೆಸರು ಹಿಡಿದು ನಾಚಿಸುವುದನ್ನು ನಾನಂತೂ ಹಿಂಸೆ ಅಂತಲೇ ಎಣಿಸ್ತೀನಿ.

ನಲಿ-ಕಲಿ ಶಿಕ್ಷಕಿ, ಮೈಸೂರು ಜಿಲ್ಲೆ:
ಒಂದು ಮಾತು ಸೇರಿಸ್ತೀನಿ. 1995ರಲ್ಲಿ ನಮ್ಮ ಹೆಗ್ಗಡದೇವನಕೋಟೆ ಕಡೆ ಶುರುವಾದ ನಲಿ-ಕಲಿ ಅನ್ನೋ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಲ್ಲಿ ಮಕ್ಕಳು ಮೂರನೇ ತರಗತಿವರೆಗೆ ಗುಂಪಿನಲ್ಲಿ ಕೂತು, ಸಹಪಾಠಿಯ ಸಹಾಯದಿಂದ ಕಲಿತು ಬಂದಿರ್ತಾರೆ. ಆಮೇಲೆ ನಾವು ಬೆಂಚು ಸಾಲಾಗಿಟ್ಟು ಅದನ್ನ ಮರೆಸ್ತೀವಿ. ಗಣಿತಕ್ಕೋ ವಿಜ್ಞಾನಕ್ಕೋ ವಾರದಲ್ಲಿ ಕೆಲವು ಅವಧಿ ಮತ್ತೆ ಗುಂಪು ಮಾಡಿ. ಆದರೆ ಕೆಲಸ ಹೇಗಿರಬೇಕು ಅಂದ್ರೆ, ಒಬ್ಬ ಜಾಣನೇ ಮುಗಿಸೋಕೆ ಆಗಬಾರದು. ಅಳತೆ ಮಾಡೋನು ಒಬ್ಬ, ಬರೆಯೋಳು ಒಬ್ಬಳು, ಎದ್ದು ಹೇಳೋರು ಇನ್ನೊಬ್ಬರು.

ತಾಂಡಾದಲ್ಲೇ ಹುಟ್ಟಿ ಬೆಳೆದ ಶಿಕ್ಷಕ, ಕಲಬುರಗಿ ಜಿಲ್ಲೆ:
ಭಾಷೆ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೀತಿದ್ದೇನೆ. ಈ ಮಕ್ಕಳ ಮನೆಮಾತು ಲಂಬಾಣಿ, ನಾವು ಗೋರ್ ಬೋಲಿ ಅಂತೀವಿ. ಕನ್ನಡ ಅವರಿಗೆ ಶಾಲೆಯಲ್ಲಿ ಸಿಕ್ಕ ಭಾಷೆ. ಉತ್ತರ ಗೊತ್ತಿದ್ದೂ ಬಾಯಿ ಬಿಡೋದಿಲ್ಲ, ಯಾಕಂದ್ರೆ ಒಂದು ಪದ ತಪ್ಪಿದರೆ ಹಿಂದಿನಿಂದ ನಗು ಬರುತ್ತೆ. ಆ ನಗುವನ್ನ ನೀವು ಎಷ್ಟು ಬೇಗ ತಡೀತೀರಿ ಅನ್ನೋದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಬೈದು ತಡೆಯಬೇಡಿ. ‘ಅವರು ಎರಡು ಭಾಷೆಯಲ್ಲಿ ಯೋಚನೆ ಮಾಡ್ತಿದ್ದಾರೆ, ಕಾಯೋಣ’ ಅಂತ ಸಹಜವಾಗಿ ಹೇಳಿ ಕಾಯಿರಿ.

ನೀವೂ ಸ್ವಲ್ಪ ಕಲಿಯಿರಿ. ಯಾಡಿ ಅಂದರೆ ತಾಯಿ, ಪಾಣಿ ಅಂದರೆ ನೀರು, ಇಷ್ಟರಿಂದ ಶುರು ಮಾಡಿದರೂ ಸಾಕು. ಕಲಿಸೋದು ಆ ಮಕ್ಕಳೇ ಆಗಲಿ, ಊರಿನ ಮಕ್ಕಳೂ ಜೊತೆಗೆ ಕಲೀಲಿ. ಹೆಸರುಗಳನ್ನ ಮನೆಯಲ್ಲಿ ಕರೆಯೋ ಹಾಗೇ ಕರೆಯಿರಿ. ಮತ್ತೆ ದಯವಿಟ್ಟು, ‘ತಾಂಡಾದ ಮಕ್ಕಳೂ ಚೆನ್ನಾಗಿ ಮಾಡಿದ್ರು’ ಅಂತ ಹೊಗಳಬೇಡಿ. ಆ ‘ಊ’ ನನಗೆ ಚಿಕ್ಕಂದಿನಲ್ಲಿ ಬಹಳ ಚುಚ್ಚಿದೆ.

ಮುಖ್ಯ ಶಿಕ್ಷಕಿ, ಹಾವೇರಿ ಜಿಲ್ಲೆ:
ಬಿಸಿಯೂಟದ ಬಗ್ಗೆ: ಹಾಜರಿ ಕ್ರಮದಲ್ಲಿ ಕೂರಿಸಿ, ನೀವೂ ತಟ್ಟೆ ಹಿಡಿದು ಮಕ್ಕಳ ನಡುವೆ ಕೂತು ಉಣ್ಣಿ, ದಿನಕ್ಕೊಂದು ಜಾಗದಲ್ಲಿ. ಭಾಷಣ ಬೇಡ. ಯಾರಾದರೂ ಪೋಷಕರು ಆಕ್ಷೇಪ ತೆಗೆದರೆ ಅದು ನಿಮ್ಮೊಬ್ಬರ ಹೊರೆಯಲ್ಲ. ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಜೊತೆ ನಿಂತು ಮಾತಾಡಬೇಕು. ಪಂಕ್ತಿಯನ್ನು ಮಾತ್ರ ಬದಲಿಸಬೇಡಿ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಕೆಲಸದ ರಟ್ಟು ನಾಳೆಯೇ ಮಾಡ್ತೀನಿ. ಇನ್ನೊಂದು ಚಿಂತೆ ಇದೆ. ದೀಪಾವಳಿ ಆದಮೇಲೆ ಕೆಲವು ಮಕ್ಕಳು ಅಪ್ಪ ಅಮ್ಮನ ಜೊತೆ ಕಬ್ಬು ಕಡಿಯೋಕೆ ಹೋಗಿಬಿಡ್ತಾರಂತೆ. ಆಗ ಕಟ್ಟಿದ್ದೆಲ್ಲ ಒಡೆದುಹೋಗಲ್ವಾ?

ತಾಂಡಾದಲ್ಲೇ ಹುಟ್ಟಿ ಬೆಳೆದ ಶಿಕ್ಷಕ:
ಮೊದಲು ತಡೆಯೋಕೆ ನೋಡಿ. ಅಜ್ಜಿ ತಾತ ಊರಲ್ಲಿದ್ದರೆ ಮಗುವನ್ನ ಬಿಟ್ಟುಹೋಗುವಂತೆ ದಸರಾ ರಜೆಗೆ ಮೊದಲೇ ಮನೆಗೆ ಹೋಗಿ ಮಾತಾಡಿ, ಗಂಟು ಕಟ್ಟಿದ ಮೇಲೆ ಯಾರೂ ಕೇಳೋದಿಲ್ಲ. ಹಾಸ್ಟೆಲ್ ಸೀಟು ಸಿಗುತ್ತಾ ವಿಚಾರಿಸಿ. ಆದರೂ ಹೋದರೆ, ಆ ಮಗುವಿನ ಕೆಲಸದ ಸರದಿಯನ್ನ ರಟ್ಟಿನಿಂದ ತೆಗೀಬೇಡಿ. ಜೋಡಿಯಲ್ಲಿದ್ದ ಊರಿನ ಮಗು ಅದನ್ನ ನೋಡಿಕೊಳ್ಳಲಿ, ನೋಟ್ಸ್ ಒಂದು ಪುಸ್ತಕದಲ್ಲಿ ಬರೆದಿಡಲಿ. ಕಬ್ಬು ಕಡಿಯೋರನ್ನ ಕರೆದೊಯ್ಯೋ ಮೇಸ್ತ್ರಿ, ಅಂದ್ರೆ ಮುಕಾದಮನ ಹತ್ತಿರ ಫೋನ್ ಇರುತ್ತೆ, ಹೊರಡೋ ಮೊದಲೇ ನಂಬರ್ ಇಸ್ಕೊಳ್ಳಿ. ಶನಿವಾರ ಮಧ್ಯಾಹ್ನ ಮಕ್ಕಳಿಂದಲೇ ಮಾತಾಡಿಸಿ. ಯುಗಾದಿ ಹೊತ್ತಿಗೆ ವಾಪಸ್ ಬಂದಾಗ, ಎಷ್ಟು ಪಾಠ ತಪ್ಪಿತು ಅಂತ ಲೆಕ್ಕ ಕೇಳೋ ಮೊದಲು ಆ ವಾರದ ಬೀಗದ ಕೈ ಕೊಡಿ.